ಬೆರಳು ಹೋದವನ ಹಕ್ಕಿನ ಹಣ

ಜುಮಾ ನಮಾಝ್ ಮುಗಿದ ಕೂಡಲೇ ಮೈಕ್‌ನಲ್ಲಿ ಒಂದು ಪ್ರಕಟಣೆ ಬರುತ್ತದೆ. ನಮ್ಮ ಮೊಹಲ್ಲಾದ ಒಬ್ಬ ಸಹೋದರ ಕೆಲಸದ ಜಾಗದಲ್ಲಿ ಅಪಘಾತವಾಗಿ ಆಸ್ಪತ್ರೆಯಲ್ಲಿದ್ದಾರೆ, ಬಡ ಕುಟುಂಬ, ಹೊರಗೆ ಹೋಗುವಾಗ ಕೈಲಾದಷ್ಟು ಹಾಕಿ ಎಂದು. ಬಾಗಿಲಲ್ಲಿ ಇಬ್ಬರು ಹುಡುಗರು ಶಾಲು ಹಿಡಿದು ನಿಲ್ಲುತ್ತಾರೆ. ಹತ್ತರ ನೋಟು ಹಾಕುವವರೂ ಇದ್ದಾರೆ, ಐನೂರರ ನೋಟು ಮಡಚಿ ಯಾರಿಗೂ ಕಾಣದ ಹಾಗೆ ಹಾಕುವವರೂ ಇದ್ದಾರೆ. ಸಂಜೆಯೊಳಗೆ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಅಕೌಂಟ್ ನಂಬರ್ ಹೋಗುತ್ತದೆ, ರಾತ್ರಿಯೊಳಗೆ ಗಲ್ಫಿನ ಹುಡುಗರು ತಮ್ಮ ಪಾಲು ಕಳಿಸುತ್ತಾರೆ. ಬ್ಯಾರಿ ಸಮುದಾಯದ ಈ ಗುಣದ ಬಗ್ಗೆ ನಮಗೆ ಹೆಮ್ಮೆ ಇದೆ. ಅದು ಎಂದೂ ಕಡಿಮೆಯಾಗದಿರಲಿ.

ಆದರೆ ಆರು ತಿಂಗಳ ನಂತರ ಅದೇ ಮನೆಗೆ ಹೋಗಿ ನೋಡಿ. ಸಂಗ್ರಹವಾದ ಹಣ ಆಸ್ಪತ್ರೆಯ ಬಿಲ್ಲಿಗೆ ಸರಿ ಹೋಗಿದೆ. ಕೈಯ ಮೂರು ಬೆರಳು ಇಲ್ಲ. ಮೊದಲಿನ ಕೆಲಸಕ್ಕೆ ಯಾರೂ ಕರೆಯುವುದಿಲ್ಲ. ಹೆಂಡತಿ ಬೀಡಿ ಕಟ್ಟುತ್ತಿದ್ದಾಳೆ, ದೊಡ್ಡ ಮಗ ಓದು ಬಿಟ್ಟು ಅಂಗಡಿಗೆ ನಿಂತಿದ್ದಾನೆ. ಇನ್ನೊಮ್ಮೆ ಮಸೀದಿಯಲ್ಲಿ ಪ್ರಕಟಣೆ ಮಾಡಿಸಲು ಆ ಮನುಷ್ಯನಿಗೆ ನಾಚಿಕೆ. ಮಾಡಿಸಲು ನಮಗೂ ಮುಜುಗರ. ಇಷ್ಟೆಲ್ಲ ಆಗುವಾಗ ಒಂದು ಪ್ರಶ್ನೆಯನ್ನು ಮಾತ್ರ ನಾವು ಯಾರೂ ಕೇಳಿರುವುದಿಲ್ಲ: ಇವನಿಗೆ ಕಾನೂನು ಪ್ರಕಾರ ಬರಬೇಕಾದ ಪರಿಹಾರಕ್ಕೆ ಅರ್ಜಿ ಹಾಕಿ ಆಯಿತಾ?

ಈ ವಾರ ನಾವು ಈ ಪುಟದಲ್ಲಿ ಅದನ್ನೇ ಕೇಳಬೇಕೆಂದಿದ್ದೇವೆ. ಕೆಲಸ ಮಾಡುವಾಗ ಅಂಗ ಊನವಾದವನಿಗೆ ಸಿಗುವ ಹಣ ಸದಖಾ ಅಲ್ಲ, ಧಣಿಯ ದಾಕ್ಷಿಣ್ಯವೂ ಅಲ್ಲ. ಅದು ಅವನ ಹಕ್ಕು, ಕೂಲಿಯ ಹಾಗೆಯೇ. ಆ ಹಕ್ಕನ್ನು ಕೇಳದೆ ಬಿಟ್ಟು ಅವನನ್ನು ಸದಖಾದ ಸಾಲಿನಲ್ಲಿ ನಿಲ್ಲಿಸುವುದು ನಾವು ತಿಳಿಯದೆ ಮಾಡುವ ಅನ್ಯಾಯ.

ಎಷ್ಟು ಹಣ ಎಂದು ಮೊದಲು ನೋಡೋಣ

ಕೆಲಸಗಾರನಿಗೆ ಆಗುವ ಗಾಯಕ್ಕೆ ಮಾಲಕ ಪರಿಹಾರ ಕೊಡಬೇಕೆಂಬ ಕಾನೂನು ನಮ್ಮ ದೇಶದಲ್ಲಿ 1923ರಿಂದ ಇದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಅದನ್ನು ಸೇರಿಸಲಾಗಿದೆ. ಹೆಸರು ಬದಲಾದರೂ ಲೆಕ್ಕದ ದಾರಿ ಹಳೆಯದೇ. ಶಾಶ್ವತವಾಗಿ ಯಾವ ಕೆಲಸಕ್ಕೂ ಆಗದಂತಾದರೆ ತಿಂಗಳ ವೇತನದ ಶೇ. 60ನ್ನು ವಯಸ್ಸಿಗೆ ತಕ್ಕ ಒಂದು ಗುಣಕದಿಂದ ಗುಣಿಸಬೇಕು. ವಯಸ್ಸು 25 ಆದರೆ ಗುಣಕ 216.91, 35 ಆದರೆ 197.06, 40 ಆದರೆ 184.17. ಲೆಕ್ಕಕ್ಕೆ ತೆಗೆದುಕೊಳ್ಳುವ ವೇತನದ ಗರಿಷ್ಠ ಮಿತಿ 2020ರ ಜನವರಿಯಿಂದ ತಿಂಗಳಿಗೆ 15,000 ರೂಪಾಯಿ.

ಉದಾಹರಣೆಗೆ ಮರದ ಮಿಲ್ಲಿನಲ್ಲಿ ದುಡಿಯುವ 35 ವರ್ಷದ ಒಬ್ಬನನ್ನು ತೆಗೆದುಕೊಳ್ಳಿ. ಮಿಲ್ಲಿನಲ್ಲಿರುವುದು ಆರೇ ಜನ, ಇಎಸ್‌ಐ ಇಲ್ಲ. ದುಡಿಮೆ ತಿಂಗಳಿಗೆ 18 ಸಾವಿರ, ಲೆಕ್ಕಕ್ಕೆ ಸಿಗುವುದು 15 ಸಾವಿರ. ಅದರ ಶೇ. 60 ಅಂದರೆ 9,000. ಅದನ್ನು 197.06ರಿಂದ ಗುಣಿಸಿದರೆ 17,73,540 ರೂಪಾಯಿ. ಇದು ಪೂರ್ಣ ಅಂಗವೈಕಲ್ಯದ ಮೊತ್ತ. ಒಂದು ಕೈಯ ಮೂರು ಬೆರಳು ಹೋದರೆ ಕಾನೂನಿನ ಪಟ್ಟಿಯಲ್ಲಿ ಶೇ. 30 ನಷ್ಟವೆಂದಿದೆ, ಹೆಬ್ಬೆರಳು ಪೂರ್ತಿ ಹೋದರೂ ಅಷ್ಟೇ. ಅಂದರೆ 5,32,062 ರೂಪಾಯಿ. ನಾಲ್ಕು ಬೆರಳು ಹೋದರೆ ಶೇ. 50, ಅಂದರೆ 8,86,770 ರೂಪಾಯಿ. ತೋರುಬೆರಳು ಒಂದೇ ಹೋದರೂ ಶೇ. 14, ಸುಮಾರು ಎರಡೂವರೆ ಲಕ್ಷ. ಚಿಕಿತ್ಸೆಗೆ ನಿಜವಾಗಿ ಆದ ಖರ್ಚು ಇದಕ್ಕೆ ಸೇರಿಲ್ಲ, ಅದನ್ನು ಮಾಲಕ ಬೇರೆಯೇ ಕೊಡಬೇಕು.

ಇನ್ನು ನಮ್ಮಲ್ಲಿ ನಡೆಯುವುದನ್ನು ನೋಡಿ. ಧಣಿ ಆಸ್ಪತ್ರೆಯ ಬಿಲ್ಲು ಕಟ್ಟುತ್ತಾರೆ, ಮೇಲೆ ಒಂದು 50 ಸಾವಿರ ಕೊಡುತ್ತಾರೆ, ಸ್ಟಾಂಪ್ ಪೇಪರಿನಲ್ಲಿ ‘ಇನ್ನು ಮುಂದೆ ನನಗೆ ಯಾವ ತಕರಾರೂ ಇಲ್ಲ’ ಎಂದು ಬರೆಸಿ ಸಹಿ ಹಾಕಿಸಿಕೊಳ್ಳುತ್ತಾರೆ. ನಡುವೆ ಕುಳಿತು ಮಾತುಕತೆ ಮುಗಿಸಿಕೊಟ್ಟವರು ನಮ್ಮ ಜಮಾಅತಿನ ಹಿರಿಯರೇ. ಅವರ ಉದ್ದೇಶ ಒಳ್ಳೆಯದೇ ಇರುತ್ತದೆ. ಆದರೆ ಐದು ಲಕ್ಷದ ಹಕ್ಕನ್ನು ಐವತ್ತು ಸಾವಿರಕ್ಕೆ ಮುಗಿಸಿದ್ದೇವೆ ಎಂದು ಅವರಿಗೂ ಗೊತ್ತಿರುವುದಿಲ್ಲ, ಸಹಿ ಹಾಕಿದವನಿಗೂ ಗೊತ್ತಿರುವುದಿಲ್ಲ. ಇಂಥ ಕಾಗದದ ಬಗ್ಗೆ ಕಾನೂನು ಸ್ಪಷ್ಟ: ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಕರಾರು ಊರ್ಜಿತವಲ್ಲ. ಮಾತುಕತೆಯಲ್ಲಿ ಮುಗಿಸುವುದಾದರೂ ಆ ಒಪ್ಪಂದ ಅಧಿಕಾರಿಯ ಮುಂದೆ ನೋಂದಣಿಯಾಗಬೇಕು. ಮೊತ್ತ ಕಡಿಮೆಯೆಂದು ಕಂಡರೆ ಅವರು ನೋಂದಣಿ ನಿರಾಕರಿಸಬಹುದು. ಆದ್ದರಿಂದ ಸಹಿ ಹಾಕಿ ಆಯಿತಲ್ಲ, ಇನ್ನೇನು ಮಾಡುವುದು ಎಂದು ಕೈಕಟ್ಟಿ ಕೂತವರೂ ಒಮ್ಮೆ ವಕೀಲರನ್ನು ಕೇಳುವುದು ಒಳ್ಳೆಯದು.

ಮೊದಲ ಸುಳ್ಳು ಆಸ್ಪತ್ರೆಯಲ್ಲಿ

ಹಕ್ಕು ಕೈತಪ್ಪುವುದು ಹೆಚ್ಚಾಗಿ ಮೊದಲ ಗಂಟೆಯಲ್ಲೇ. ಗಾಯಾಳುವನ್ನು ಕಾರಿನಲ್ಲಿ ಮಲಗಿಸಿ ಆಸ್ಪತ್ರೆಗೆ ಕೊಂಡೊಯ್ಯುವಾಗ ಯಾರಾದರೂ ಕಿವಿಯಲ್ಲಿ ಹೇಳುತ್ತಾರೆ, "ಮನೆಯಲ್ಲಿ ಜಾರಿ ಬಿದ್ದೆ ಅಂತ ಹೇಳು ಮಾರಾಯ. ಪೊಲೀಸ್ ಕೇಸೆಲ್ಲ ಬೇಡ. ಖರ್ಚೆಲ್ಲ ನಾನು ನೋಡಿಕೊಳ್ತೇನೆ." ನೋವಿನಲ್ಲಿರುವವನು ಹಾಗೆಯೇ ಹೇಳುತ್ತಾನೆ. ಡಾಕ್ಟರ್ ಹಾಗೆಯೇ ಬರೆಯುತ್ತಾರೆ. ಮುಂದೆ ಧಣಿ ಮಾತು ಬದಲಿಸಿದರೆ, ಅಥವಾ ಧಣಿ ಒಪ್ಪಿದರೂ ವಿಮೆ ಕಂಪೆನಿ ಒಪ್ಪದಿದ್ದರೆ, ಆ ಒಂದು ಸಾಲು ಇಡೀ ಕೇಸನ್ನು ಕೆಡಿಸುತ್ತದೆ.

ಹಾಗಾಗಿ ನಾವು ಪ್ರತಿ ಮನೆಯವರಲ್ಲಿ ಹೇಳುವುದಿಷ್ಟು. ಕೆಲಸದ ಜಾಗದಲ್ಲಿ ಆದ ಗಾಯವನ್ನು ಕೆಲಸದ ಜಾಗದಲ್ಲಿ ಆದದ್ದೆಂದೇ ಹೇಳಿ. ಯಾವ ಮಿಲ್ಲು, ಯಾವ ಯಂತ್ರ, ಎಷ್ಟು ಗಂಟೆಗೆ ಎಂದು ಕೇಸ್ ಶೀಟಿನಲ್ಲಿ ಬರೆಸಿ, ಎಂಎಲ್‌ಸಿ ಮಾಡಿಸಿ. ಧಣಿಗೆ ಲಿಖಿತವಾಗಿ ತಿಳಿಸಿ. ವಾಟ್ಸ್ಆ್ಯಪ್ ಮೆಸೇಜ್ ಆದರೂ ಕಳಿಸಿ, ಆಮೇಲೆ ರಿಜಿಸ್ಟರ್ಡ್ ಪೋಸ್ಟ್ ಮಾಡಿ. ಡಿಸ್‌ಚಾರ್ಜ್ ಕಾಗದ, ಎಕ್ಸ್‌ರೇ, ಬಿಲ್ಲು ಒಂದನ್ನೂ ಬಿಸಾಡಬೇಡಿ. ಸಂಬಳದ ಚೀಟಿ ಇಲ್ಲದವರು ಬ್ಯಾಂಕ್ ಪಾಸ್‌ಬುಕ್, ಗೂಗಲ್ ಪೇಯಲ್ಲಿ ಬಂದ ಹಣದ ದಾಖಲೆ, ಹಾಜರಿ ಪುಸ್ತಕದ ಫೋಟೋ, ಜೊತೆಗೆ ದುಡಿದವರ ಹೆಸರು ಇಟ್ಟುಕೊಳ್ಳಿ. ಅರ್ಜಿ ಹಾಕಲು ಅಪಘಾತದ ದಿನದಿಂದ ಇರುವುದು 2 ವರ್ಷ. ತಡವಾದದ್ದಕ್ಕೆ ತಕ್ಕ ಕಾರಣ ಕೊಟ್ಟರೆ ಮನ್ನಿಸಲು ಅವಕಾಶವಿದೆ. ಆದರೆ ಅದನ್ನೇ ನಂಬಿ ಕೂರಬೇಡಿ.

ನಾನು ದಿನಗೂಲಿ, ನನಗೆಲ್ಲಿ ಬರುತ್ತದೆ ಎಂದು ಕೇಳುವವರಿದ್ದಾರೆ. ದಿನಗೂಲಿಯವರಿಗೂ ಇದೆ. ಗುತ್ತಿಗೆದಾರನ ಕೈಕೆಳಗೆ ದುಡಿಯುವಾಗ ಗಾಯವಾದರೆ, ಕೆಲಸವನ್ನು ಗುತ್ತಿಗೆಗೆ ಕೊಟ್ಟ ಮೂಲ ಮಾಲಕನೂ ಹೊಣೆ. ನಿನ್ನದೇ ಅಜಾಗರೂಕತೆ ಎಂದು ಧಣಿ ಹೇಳಿದರೂ ಹೆದರಬೇಕಾಗಿಲ್ಲ. ಬರೀ ಅಜಾಗರೂಕತೆಯಿಂದ ಹಕ್ಕು ಹೋಗುವುದಿಲ್ಲ. ಅಮಲಿನಲ್ಲಿದ್ದರೆ, ಸುರಕ್ಷತೆಯ ಆದೇಶವನ್ನು ಬೇಕೆಂದೇ ಮೀರಿದ್ದರೆ ಅಥವಾ ಯಂತ್ರದ ರಕ್ಷಣಾ ಕವಚವನ್ನು ಬೇಕೆಂದೇ ತೆಗೆದಿದ್ದರೆ ಮಾತ್ರ ತಕರಾರು ಬರುತ್ತದೆ. ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯವಾದರೆ ಆ ತಕರಾರೂ ನಿಲ್ಲುವುದಿಲ್ಲ.

ಡಾಕ್ಟರ್ ಬರೆಯುವ ಆ ಶೇಕಡಾ

ಬೆರಳು, ಕೈ, ಕಾಲು, ಕಣ್ಣು ಹೋದರೆ ಪಟ್ಟಿಯಲ್ಲೇ ಶೇಕಡಾ ಇದೆ. ಆದರೆ ನಮ್ಮವರಿಗೆ ಹೆಚ್ಚಾಗಿ ಆಗುವುದು ಪಟ್ಟಿಯಲ್ಲಿಲ್ಲದ ಗಾಯ. ಲೋಡ್ ಎತ್ತುವಾಗ ಸೊಂಟದ ಎಲುಬು ಜಾರುವುದು, ಸೆಂಟ್ರಿಂಗ್ ಮೇಲಿನಿಂದ ಬಿದ್ದು ತೊಡೆಯ ಮೂಳೆ ಮುರಿದು ಕಾಲು ಗಿಡ್ಡವಾಗುವುದು, ಭುಜ ಮೇಲೆ ಏಳದಿರುವುದು. ಇಂಥ ಕಡೆ ಎಲ್ಲವೂ ಡಾಕ್ಟರ್ ಬರೆಯುವ ಸರ್ಟಿಫಿಕೇಟಿನ ಮೇಲೆ ನಿಂತಿದೆ.

ಇಲ್ಲಿ ಎರಡು ಲೆಕ್ಕಗಳಿವೆ, ಅವೆರಡನ್ನು ಬೆರೆಸಬಾರದು. ಒಂದು ಅಂಗದ ಊನ, ಅಂದರೆ ಈ ಕಾಲು ಶೇ. 30ರಷ್ಟು ಕೆಲಸ ಮಾಡುವುದಿಲ್ಲ ಎಂಬುದು. ಇನ್ನೊಂದು ಗಳಿಕೆಯ ಸಾಮರ್ಥ್ಯದ ನಷ್ಟ, ಅಂದರೆ ಈ ಕಾಲಿನಿಂದಾಗಿ ಈ ಮನುಷ್ಯನ ದುಡಿಮೆ ಎಷ್ಟು ಹೋಯಿತು ಎಂಬುದು. ಪರಿಹಾರ ನಿಲ್ಲುವುದು ಎರಡನೆಯದರ ಮೇಲೆ. ಕುಳಿತು ಲೆಕ್ಕ ಬರೆಯುವವನ ಕಾಲು ಊನವಾದದ್ದಕ್ಕೂ ಧಕ್ಕೆಯಲ್ಲಿ ಮೀನಿನ ಬುಟ್ಟಿ ಹೊರುವವನ ಕಾಲು ಊನವಾದದ್ದಕ್ಕೂ ವ್ಯತ್ಯಾಸವಿದೆ. ಆದರೆ ನೀವು ಏನು ಕೆಲಸ ಮಾಡುತ್ತಿದ್ದಿರಿ ಎಂದು ಡಾಕ್ಟರಿಗೆ ಹೇಳದಿದ್ದರೆ ಅವರಿಗೆ ತಿಳಿಯುವುದು ಹೇಗೆ? ಆದ್ದರಿಂದ ಚಿಕಿತ್ಸೆ ಮುಗಿದು ಗಾಯ ಒಂದು ಸ್ಥಿತಿಗೆ ಬಂದ ಮೇಲೆ ಹೋಗಿ. ನಿಮ್ಮ ಕೆಲಸ ಏನೆಂದು ಬಿಡಿಸಿ ಹೇಳಿ. ಗಳಿಕೆಯ ಸಾಮರ್ಥ್ಯ ಎಷ್ಟು ನಷ್ಟವಾಗಿದೆ ಎಂದು ಪ್ರತ್ಯೇಕವಾಗಿ ಬರೆದುಕೊಡಲು ವಿನಂತಿಸಿ. ಅಂಗವಿಕಲರ ಯುಡಿಐಡಿ ಕಾರ್ಡು ಬೇರೆ, ಇದು ಬೇರೆ. ಆ ಕಾರ್ಡಿನ ಸೌಲಭ್ಯಗಳಿಗೆ ಸಾಮಾನ್ಯವಾಗಿ ಶೇ. 40 ಊನ ಬೇಕು. ಪರಿಹಾರಕ್ಕೆ ಅಂಥ ಕನಿಷ್ಠ ಮಿತಿ ಇಲ್ಲ. ‘ನಲವತ್ತು ಆಗಲಿಲ್ಲ, ಇನ್ನೇನೂ ಸಿಗುವುದಿಲ್ಲ’ ಎಂದು ಮನೆಗೆ ಬಂದವರು ಎಷ್ಟೋ ಮಂದಿ.

1975ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಒಂದು ಕೇಸು ಇಲ್ಲಿ ನೆನಪಿಡಬೇಕು. ಒರಿಸ್ಸಾದ ಒಬ್ಬ ಬಡಗಿ ಸಿನೆಮಾ ಮಂದಿರದ ಕೆಲಸದಲ್ಲಿ ಬಿದ್ದು ಎಡಗೈಯನ್ನು ಮೊಣಕೈಯ ಮೇಲಿನಿಂದ ಕಳೆದುಕೊಂಡ. ಪಟ್ಟಿ ನೋಡಿದರೆ ಅದು ಭಾಗಶಃ ನಷ್ಟ. ಆದರೆ ಒಂದೇ ಕೈಯಲ್ಲಿ ಬಡಗಿ ಕೆಲಸ ಮಾಡಲು ಆಗುವುದಿಲ್ಲ, ಆದ್ದರಿಂದ ಅವನ ಪಾಲಿಗೆ ಇದು ಪೂರ್ಣ ನಷ್ಟ ಎಂಬುದನ್ನು ಕೋರ್ಟ್ ಒಪ್ಪಿತು. ಪರಿಹಾರ ಕೊಡುವ ಬಾಧ್ಯತೆ ಅಪಘಾತದ ದಿನದಿಂದಲೇ ಹುಟ್ಟುತ್ತದೆ ಎಂದೂ ಹೇಳಿತು. ಕೊಡಬೇಕಾದ ಹಣವನ್ನು ಒಂದು ತಿಂಗಳಿಗಿಂತ ಹೆಚ್ಚು ತಡೆದರೆ ಶೇ. 12 ಬಡ್ಡಿ, ಸರಿಯಾದ ಕಾರಣವಿಲ್ಲದಿದ್ದರೆ ಮೊತ್ತದ ಅರ್ಧದವರೆಗೆ ದಂಡ ಎಂದು ಕಾನೂನಿನಲ್ಲಿದೆ. ಬಡ್ಡಿಯ ಮಾತು ಬಂದಾಗ ನಮ್ಮಲ್ಲಿ ಕೆಲವರಿಗೆ ಧಾರ್ಮಿಕ ಸಂದೇಹ ಬರುತ್ತದೆ. ಅದನ್ನು ಉಸ್ತಾದರಲ್ಲಿ ಕೇಳಿಕೊಳ್ಳಲಿ. ಆದರೆ ಆ ಸಂದೇಹಕ್ಕಾಗಿ ಮೂಲ ಹಕ್ಕನ್ನೇ ಬಿಡಬೇಕಾಗಿಲ್ಲ.

ಇಎಸ್‌ಐ, ಲಾರಿ, ಕಟ್ಟಡ

ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಾರ್ಖಾನೆ, ಅಂಗಡಿ, ಹೊಟೇಲುಗಳಲ್ಲಿ ತಿಂಗಳಿಗೆ 21 ಸಾವಿರದವರೆಗೆ ಸಂಬಳ ಇರುವವರಿಗೆ ಇಎಸ್‌ಐ ಬರುತ್ತದೆ. ಬೈಕಂಪಾಡಿಯ ಕಡೆ ದುಡಿಯುವ ನಮ್ಮ ಹುಡುಗರಲ್ಲಿ ಬಹಳ ಮಂದಿ ಇದರಲ್ಲಿದ್ದಾರೆ. ಸಂಬಳದಿಂದ ಶೇ. 0.75 ಕಡಿತವಾಗುತ್ತದೆ ಎಂದು ಗೊಣಗುವ ಅವರು ಅದರ ಪ್ರಯೋಜನ ತಿಳಿದುಕೊಂಡಿರುವುದಿಲ್ಲ. ಇಎಸ್‌ಐ ಇರುವವನಿಗೆ ಮೇಲೆ ಹೇಳಿದ ಒಂದೇ ಗಂಟಿನ ಹಣವಿಲ್ಲ, ಅದರ ಬದಲು ಜೀವನಪೂರ್ತಿ ತಿಂಗಳ ಹಣ. ಮೆಡಿಕಲ್ ಬೋರ್ಡ್ ಗಳಿಕೆಯ ನಷ್ಟದ ಶೇಕಡಾ ನಿಗದಿ ಮಾಡುತ್ತದೆ, ವೇತನದ ಶೇ. 90ರಲ್ಲಿ ಅಷ್ಟು ಪಾಲು ಸಿಗುತ್ತದೆ. ತಿಂಗಳಿಗೆ 15 ಸಾವಿರ ಪಡೆಯುವವನಿಗೆ ಶೇ. 30 ನಷ್ಟವೆಂದಾದರೆ ಸುಮಾರು 4 ಸಾವಿರ. ಕೆಲಸಕ್ಕೆ ಸೇರಿದ ಮೊದಲ ದಿನವೇ ಗಾಯವಾದರೂ ಇದು ಸಿಗುತ್ತದೆ. ಕೆಲಸಕ್ಕೆ ಹೋಗುವ ಬರುವ ದಾರಿಯ ಅಪಘಾತಕ್ಕೂ ಅವಕಾಶವಿದೆ. ಬೋರ್ಡ್ ಹಾಕಿದ ಶೇಕಡಾ ಕಡಿಮೆಯೆಂದು ಅನಿಸಿದರೆ ಮೇಲ್ಮನವಿ ಹಾಕಬಹುದು.

ಲಾರಿ, ಪಿಕಪ್, ಟೆಂಪೋ ಓಡಿಸುವವರು ಇನ್ನೊಂದು ವಿಷಯ ತಿಳಿದಿರಲಿ. ಅಪಘಾತದಲ್ಲಿ ಗಾಯಗೊಂಡ ಡ್ರೈವರ್ ಕಾರ್ಮಿಕ ಪರಿಹಾರ ಕೇಳಬಹುದು, ಇಲ್ಲವೇ ಮೋಟಾರು ಅಪಘಾತ ನ್ಯಾಯಮಂಡಳಿಗೆ ಹೋಗಬಹುದು. ಎರಡರಲ್ಲಿ ಒಂದೇ. ತಪ್ಪು ಯಾರದ್ದು ಎಂಬುದನ್ನು ನೋಡಿ ಯಾವುದು ಲಾಭವೆಂದು ವಕೀಲರು ಹೇಳುತ್ತಾರೆ. ಟೈಲ್ಸ್, ಸೆಂಟ್ರಿಂಗ್, ಪೇಂಟಿಂಗ್, ಗಾರೆ ಕೆಲಸದವರು ವರ್ಷದಲ್ಲಿ 90 ದಿನ ದುಡಿದಿದ್ದರೆ ರಾಜ್ಯದ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು. ವಯಸ್ಸು 18ರಿಂದ 60. ಅಂಗವಿಕಲತೆಯ ಪಿಂಚಣಿ, ಸಹಾಯಧನ ಅಲ್ಲಿದೆ. ಆದರೆ ಬಿದ್ದ ಮೇಲೆ ಕಾರ್ಡು ಮಾಡಿಸಲು ಓಡಿದರೆ ಆಗುವುದಿಲ್ಲ, ಈಗಲೇ ಮಾಡಿಸಬೇಕು. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿ ಕಟ್ಟುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ನಿಮ್ಮ ಖಾತೆಗೆ ಇದೆಯೇ ಎಂದೂ ಪಾಸ್‌ಬುಕ್ ತೆರೆದು ನೋಡಿ. ಅಪಘಾತದಿಂದ ಶಾಶ್ವತ ಪೂರ್ಣ ಅಂಗವೈಕಲ್ಯವಾದರೆ 2 ಲಕ್ಷ, ಭಾಗಶಃ ಆದರೆ 1 ಲಕ್ಷ.

ಗಲ್ಫಿನಲ್ಲಿರುವವರಿಗೆ

ನಮ್ಮ ಪ್ರತಿ ಎರಡನೇ ಮನೆಯ ಕಥೆ ಸಮುದ್ರದ ಆಚೆಗೂ ಹೋಗುತ್ತದೆ. ಅಲ್ಲಿ ಗಾಯವಾದವನು ಊರಿಗೆ ಬರುವ ಆತುರದಲ್ಲಿ ಕಂಪೆನಿ ಕೊಟ್ಟ ಕಾಗದಕ್ಕೆಲ್ಲ ಸಹಿ ಹಾಕಿ ವಿಮಾನ ಹತ್ತುತ್ತಾನೆ. ಬಂದ ಮೇಲೆ ಇಲ್ಲಿಂದ ಏನೂ ಮಾಡಲಾಗುವುದಿಲ್ಲ ಎಂದು ಕೊರಗುತ್ತಾನೆ. ಯುಎಇಯ ಕಾರ್ಮಿಕ ಕಾನೂನಿನಲ್ಲಿ ಕೆಲಸದ ಗಾಯಕ್ಕೆ ಚಿಕಿತ್ಸೆಯ ಖರ್ಚು ಮಾಲಕನದ್ದು. ಚಿಕಿತ್ಸೆಯ ಕಾಲಕ್ಕೆ ಆರು ತಿಂಗಳವರೆಗೆ ಪೂರ್ತಿ ಸಂಬಳ, ಮುಂದಿನ ಆರು ತಿಂಗಳು ಅರ್ಧ. ಅಂಗ ಊನವಾದರೆ ಅದಕ್ಕೆ ತಕ್ಕ ಪರಿಹಾರ ಬೇರೆ. ಸೌದಿಯಲ್ಲಿ ಸಾಮಾಜಿಕ ವಿಮೆಯ ಸಂಸ್ಥೆ ಗೋಸಿಗೆ ಕೆಲಸದ ಅಪಘಾತದ ಲೆಕ್ಕದಲ್ಲಿ ವಿದೇಶಿ ಕಾರ್ಮಿಕರಿಗಾಗಿಯೂ ಮಾಲಕ ಹಣ ಕಟ್ಟಬೇಕು. ಹಾಗಾಗಿ ಅಲ್ಲಿನ ಮೆಡಿಕಲ್ ರಿಪೋರ್ಟ್ ಮತ್ತು ಊನದ ಶೇಕಡಾ ಕೈಗೆ ಬರುವ ಮೊದಲು ‘ಫೈನಲ್ ಸೆಟಲ್‌ಮೆಂಟ್’ ಕಾಗದಕ್ಕೆ ಸಹಿ ಹಾಕಬೇಡಿ. ಬರಲೇಬೇಕಾದರೆ ನಂಬಿಕೆಯ ಒಬ್ಬರಿಗೆ ಅಲ್ಲಿ ವಕಾಲತ್ತು ಕೊಟ್ಟು ಬನ್ನಿ. ಭಾರತದ ರಾಯಭಾರ ಕಚೇರಿಯಲ್ಲಿ ದೂರು ದಾಖಲಿಸಿ.

ಹತ್ತನೇ ತರಗತಿ ಪಾಸಾಗದೆ ಇಸಿಆರ್ ಪಾಸ್‌ಪೋರ್ಟಿನಲ್ಲಿ ಹೋದವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. ಅಪಘಾತದಿಂದ ಶಾಶ್ವತ ಅಂಗವೈಕಲ್ಯವಾದರೆ 10 ಲಕ್ಷದವರೆಗೆ ಅದರಲ್ಲಿದೆ. ಏಜೆಂಟ್ ಕೊಟ್ಟ ಕಾಗದದ ಕಟ್ಟಿನಲ್ಲಿ ಆ ಪಾಲಿಸಿ ಎಲ್ಲೋ ಇರುತ್ತದೆ. ಮನೆಯ ಹೆಂಗಸರು ಅದನ್ನು ಹುಡುಕಿ ತೆಗೆದು ಒಂದು ಫೋಟೋ ಮಾಡಿ ಇಟ್ಟುಕೊಳ್ಳಲಿ.

ನಮ್ಮ ಧಣಿಗಳಲ್ಲಿ ಒಂದು ಮಾತು

ಇಲ್ಲಿಯವರೆಗೆ ಹೇಳಿದ್ದು ದುಡಿಯುವವರಿಗೆ. ಆದರೆ ಮರದ ಮಿಲ್ಲು, ಮೀನಿನ ವ್ಯವಹಾರ, ಗುಜರಿ ಗೋದಾಮು, ಕಟ್ಟಡದ ಗುತ್ತಿಗೆ ನಡೆಸುವವರಲ್ಲಿ ನಮ್ಮವರೇ ತುಂಬಾ ಜನ ಇದ್ದಾರೆ. ಗಾಯಗೊಂಡವನು, ಅವನ ಧಣಿ ಇಬ್ಬರೂ ಜುಮಾಕ್ಕೆ ಒಂದೇ ಸಫ್‌ನಲ್ಲಿ ಭುಜಕ್ಕೆ ಭುಜ ಕೊಟ್ಟು ನಿಲ್ಲುತ್ತಾರೆ. ಈ ವಿಷಯವನ್ನು ಪತ್ರಿಕೆಯಲ್ಲಿ ಬರೆಯಲು ನಮಗೆ ಕಷ್ಟವಾಗುವುದು ಇದೇ ಕಾರಣಕ್ಕೆ. ನಮ್ಮವರ ಮೇಲೆ ಕೇಸು ಹಾಕುವುದಾ ಎಂದು ಕೇಳುತ್ತಾರೆ. ನಮ್ಮವರ ಹಕ್ಕನ್ನು ನಮ್ಮವರೇ ಇಟ್ಟುಕೊಳ್ಳುವುದಾ ಎಂದು ಯಾರೂ ಕೇಳುವುದಿಲ್ಲ.

ಧಣಿಗಳೆಲ್ಲ ಕೆಟ್ಟವರೆಂದು ನಾವು ಹೇಳುತ್ತಿಲ್ಲ. ಆರು ಜನ ದುಡಿಯುವ ಮಿಲ್ಲಿನ ಮಾಲಕನಿಗೆ ಐದು ಲಕ್ಷ ಸಣ್ಣ ಮೊತ್ತವಲ್ಲ, ಅವನೂ ಸಾಲದಲ್ಲಿರಬಹುದು. ಅದಕ್ಕೇ ವಿಮೆ ಇರುವುದು. ಕಾರ್ಮಿಕ ಪರಿಹಾರದ ಪಾಲಿಸಿ ಮಾಡಿಸಿದರೆ ಹಣ ಕೊಡುವುದು ಕಂಪೆನಿ, ನಿಮ್ಮ ಕೆಲಸ ನಿಜ ಹೇಳುವುದು ಮಾತ್ರ. ಹತ್ತು ಜನರಿದ್ದೂ ಒಂಬತ್ತು ಎಂದು ತೋರಿಸಿ ಇಎಸ್‌ಐ ತಪ್ಪಿಸಿದರೆ ಮೊದಲ ಲಾಭ ನಿಮ್ಮದು, ಕೊನೆಯ ನಷ್ಟವೂ ನಿಮ್ಮದೇ. ಝಕಾತ್ ಬಗ್ಗೆ ಒಂದು ಮಾತನ್ನೂ ಸೇರಿಸಬೇಕು. ಕಾರ್ಮಿಕನಿಗೆ ಕೊಡಲೇಬೇಕಾದ ಹಣವನ್ನು ಝಕಾತ್ ಎಂದು ಲೆಕ್ಕ ಹಿಡಿಯುವವರಿದ್ದಾರೆ. ಕೊಡಬೇಕಾದ ಬಾಕಿಯನ್ನು ದಾನವೆಂದು ತೋರಿಸಬಹುದೇ ಎಂದು ಉಲಮಾಗಳಲ್ಲಿ ಒಮ್ಮೆ ಕೇಳಿ ನೋಡಲಿ.

ಇದು ಅಲ್ಲಾಹನ ವಿಧಿ, ಸಬೂರ್ ಮಾಡು ಎಂಬ ಸಮಾಧಾನವೂ ಗಾಯಾಳುವಿಗೆ ಸಿಗುತ್ತದೆ. ಸಬೂರ್ ಬೇಕು, ಸಂಶಯವಿಲ್ಲ. ಆದರೆ ಅದೇ ದೀನ್ ಸಾಲದ ವ್ಯವಹಾರವನ್ನು ಸಾಕ್ಷಿ ಸಹಿತ ಬರೆದಿಡಿ ಎಂದು ಅಲ್ ಬಖರ ಅಧ್ಯಾಯದಲ್ಲಿ ವಿವರವಾಗಿ ತಾಕೀತು ಮಾಡಿದೆ. ವಿಧಿಯನ್ನು ಒಪ್ಪುವುದಕ್ಕೂ ಹಕ್ಕಿನ ಕಾಗದ ಸರಿಯಿಡುವುದಕ್ಕೂ ವಿರೋಧವಿಲ್ಲ.

ಜಮಾಅತ್ ಏನು ಮಾಡಬಹುದು

ದೊಡ್ಡ ಯೋಜನೆ ಬೇಡ. ಪ್ರತಿ ಜಮಾಅತಿನಲ್ಲಿ ಒಬ್ಬ ಪದವೀಧರ ಹುಡುಗ ಅಥವಾ ಹುಡುಗಿಗೆ ಈ ಕೆಲಸ ವಹಿಸಿ. ಈಗ ನಮ್ಮ ಮನೆಗಳಲ್ಲಿ ಕಾನೂನು ಓದುತ್ತಿರುವ ಮಕ್ಕಳಿದ್ದಾರೆ. ಅಪಘಾತದ ಸುದ್ದಿ ಬಂದ ದಿನವೇ ಅವರು ಆಸ್ಪತ್ರೆಗೆ ಹೋಗಲಿ, ಕೇಸ್ ಶೀಟಿನಲ್ಲಿ ಏನು ಬರೆದಿದೆ ಎಂದು ನೋಡಲಿ. ಧಣಿಗೆ ತಿಳುವಳಿಕೆ ಪತ್ರ ಬರೆಯಲು ಮನೆಯವರಿಗೆ ನೆರವಾಗಲಿ, ಎರಡು ವರ್ಷದ ಗಡುವನ್ನು ಡೈರಿಯಲ್ಲಿ ಗುರುತು ಹಾಕಲಿ. ವಕೀಲರ ಫೀಸಿಗೆ ಹೆದರಬೇಕಾಗಿಲ್ಲ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಹೆಂಗಸರಿಗೆ, ಅಂಗವಿಕಲರಿಗೆ, ಕಾರ್ಖಾನೆ ಕಾರ್ಮಿಕರಿಗೆ ಉಚಿತ ವಕೀಲರು ಸಿಗುತ್ತಾರೆ. ಫೋನ್ ಸಂಖ್ಯೆ 15100. ಅರ್ಜಿ ಎಲ್ಲಿ ಹಾಕಬೇಕೆಂದು ಅಲ್ಲಿಯೇ ತಿಳಿಸುತ್ತಾರೆ, ಕಾರ್ಮಿಕ ಇಲಾಖೆಯ ಕಚೇರಿಯಲ್ಲೂ ಕೇಳಬಹುದು. ಇನ್ನು ಜಮಾಅತಿನ ಹಿರಿಯರು ಪಂಚಾತಿಕೆಗೆ ಕೂರುವುದಾದರೆ ಮೊದಲು ಕಾಗದದಲ್ಲಿ ಲೆಕ್ಕ ಹಾಕಲಿ: ವಯಸ್ಸು, ವೇತನ, ಶೇಕಡಾ. ಆ ಮೊತ್ತವನ್ನು ಇಬ್ಬರ ಮುಂದೆಯೂ ಓದಿ ಹೇಳಲಿ. ಆಮೇಲೆ ಮಾತು ಶುರು ಮಾಡಲಿ.

ಮುಂದಿನ ಸಲ ಮಸೀದಿಯ ಮೈಕ್‌ನಲ್ಲಿ ಇಂಥ ಪ್ರಕಟಣೆ ಬಂದಾಗ ಶಾಲಿಗೆ ಹಣ ಹಾಕಿ, ಖಂಡಿತ ಹಾಕಿ. ಮನೆಯ ಇಂದಿನ ಗಂಜಿಗೆ ಅದು ಬೇಕು. ಹಾಕಿದ ಮೇಲೆ ಕಾರ್ಯದರ್ಶಿಯ ಹತ್ತಿರ ಹೋಗಿ ಅರ್ಜಿ ಹಾಕಿ ಆಯಿತಾ ಎಂದು ಕೇಳಿ. ಹತ್ತು ಜನ ಕೇಳಿದರೆ ಹನ್ನೊಂದನೆಯವರು ಕೇಳುವಷ್ಟರಲ್ಲಿ ಅರ್ಜಿ ಹಾಕಿ ಆಗಿರುತ್ತದೆ.